ಚೆಕ್ಕುಬಂದಿ

ಹೊನ್ನಾವರದ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ
ಮೂವತ್ತೊಂದು ವರ್ಷ ಕ್ರಯಪತ್ರ ಬರೆದವನು ನಾನು.
ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಸರ್ಕಾರಿ ದಾರಿ,
ಕಣ್ಣು ಮುಚ್ಚಿ ಬರೆಯಬಲ್ಲೆ.
ಗ್ರಂಥದ ಕೊನೆಯ ಸಣ್ಣ ಅಧ್ಯಾಯಗಳನ್ನೂ
ಕಣ್ಣು ಮುಚ್ಚಿಯೇ ಓದಬಲ್ಲೆ.
ಏಳನೇ ವಯಸ್ಸಿನಲ್ಲಿ, ಬೆತ್ತದ ನೆರಳಲ್ಲಿ,
ಉಸ್ತಾದರು ಬಾಯಿಗೆ ಹಾಕಿದ್ದು
ಇನ್ನೂ ಒಂದಕ್ಷರ ಚೆಲ್ಲಿಲ್ಲ.
ಅರ್ಥ ಮಾತ್ರ ಗೊತ್ತಿಲ್ಲ.

ಇದನ್ನು ಯಾರ ಹತ್ತಿರ ಹೇಳುವುದು,
ಗಡ್ಡ ಬೆಳ್ಳಗಾಗಿ ಮೊದಲ ಸಾಲಿನಲ್ಲಿ ನಿಲ್ಲುವವನು?
ಮೊಮ್ಮಗಳು ಕೇಳಿದಳು:
ಅಜ್ಜ, ಈಗ ಓದಿದ್ಯಲ್ಲ, ಹಾಗಂದ್ರೆ ಏನು?
ನಾನು ಕೆಮ್ಮಿದೆ.

ಹೋದದ್ದು ಬಂದರಿನ ಓಣಿಗೆ, ಸಫೂರಾಬಿಯ ಮನೆಗೆ.
ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು;
ನಿವೃತ್ತಿಯ ಮೇಲೆ ಹನ್ನೆರಡು ವರ್ಷ ಅದೊಂದೇ ಓದು.
"ವುಜೂ ಮಾಡಿ ಬಂದ್ಯಾ? ಕೂತ್ಕೊ.
ಗೊತ್ತಿದೆ ಅನ್ನೋದನ್ನ ಚಪ್ಪಲಿ ಜೊತೆ ಹೊರಗೆ ಬಿಡು."

ಮೊದಲ ತಿಂಗಳು ಒಂದೇ ಪದ: ರಹಮತ್.
ಮೂರಕ್ಷರದ ಬೇರು. ರ, ಹ, ಮ.
ಅದೇ ಬೇರಿನಿಂದ, ಎಂದಳು, ಗರ್ಭಚೀಲವೂ ಚಿಗುರಿದೆ.
ಎರಡು ಸಾವಿರ ಹೆರಿಗೆ ಕಂಡ ಕೈ
ಗಾಳಿಯಲ್ಲಿ ಒಂದು ಬೋಗುಣಿಯಷ್ಟು ಜಾಗ ತೋರಿಸಿತು.
ದಯೆ ಎಂದು ಬರೆದುಕೊಂಡಿದ್ದೆ. ಹೊಡೆದುಹಾಕಲಿಲ್ಲ,
ಪಕ್ಕದಲ್ಲಿ ಜಾಗ ಬಿಟ್ಟೆ.

ಐನ್ ಅಕ್ಷರ ಗಂಟಲಿನ ಬಾವಿಯಿಂದ ಬರಬೇಕು.
ನನ್ನದು ನಾಲಿಗೆಯ ತುದಿಯಲ್ಲೇ ಜಾರುತ್ತದೆ.
"ಅವರಿಗೂ ನಮ್ಮ ಳ ಬರೋದಿಲ್ಲ ಬಿಡು,"
ಸಮಾಧಾನ ಹೇಳಿ, ಮತ್ತೆ ಹತ್ತು ಸಲ ಹೇಳಿಸಿದಳು.

ಒಂದು ದಿನ ಒಂದು ಸಾಲು ಹಿಡಿದು ಓಡಿದೆ,
ಯಾರೋ ಮೊಬೈಲಿಗೆ ಕಳಿಸಿದ್ದು, ಬೆಂಕಿಯಂಥ ಸಾಲು.
"ಇದರ ಚೆಕ್ಕುಬಂದಿ ಎಲ್ಲಿ?" ಎಂದಳು.
ಬೆಚ್ಚಿದೆ. ಅದು ನನ್ನ ಪದ.
"ಹಿಂದಿನ ಸಾಲು ಯಾವುದು, ಮುಂದಿನದು ಯಾವುದು,
ಯಾರಿಗೆ ಹೇಳಿದ್ದು, ಯಾವ ಜಗಳದ ನಡುವೆ?
ನಾಲ್ಕು ದಿಕ್ಕಿಲ್ಲದ ಜಾಗದ ಪತ್ರ ನೀನು ಬರೀತೀಯಾ?"
ಇಲ್ಲ. ಹಾಗೆ ಮಾರಿದವರನ್ನು ಬಲ್ಲೆ;
ಒಬ್ಬ ಜೈಲಿನಲ್ಲಿದ್ದಾನೆ, ಉಳಿದವರು ಕಾರಿನಲ್ಲಿ.

ಎರಡು ಕನ್ನಡ ಅನುವಾದ ಇಟ್ಟುಕೊಂಡಿದ್ದೇವೆ.
ಒಂದೇ ಗದ್ದೆಗೆ ಇಬ್ಬರು ಸರ್ವೇಯರು, ಸರಪಳಿ ಬೇರೆ ಬೇರೆ.
ಎರಡೂ ದೃಢೀಕೃತ ನಕಲು; ಅಸಲಲ್ಲ.
ಎಲ್ಲಿ ಒಪ್ಪುವುದಿಲ್ಲವೋ ಅಲ್ಲಿ ಪೆನ್ಸಿಲಿನ ಚುಕ್ಕೆ,
ಗ್ರಂಥದ ಮೇಲಲ್ಲ, ಬೇರೆ ವಹಿಯಲ್ಲಿ.
ಚುಕ್ಕೆಗಳು ನೂರಾ ನಲವತ್ತು ದಾಟಿವೆ.
ಕೆಲವಕ್ಕೆ ಹಳೆಯ ವ್ಯಾಖ್ಯಾನಕಾರರು ದಾರಿ ಹೇಳುತ್ತಾರೆ,
ಕೆಲವಕ್ಕೆ ಸಫೂರಾಬಿ, "ಗೊತ್ತಿಲ್ಲ.
ಅದನ್ನೂ ಬರ್ಕೋ, ತಾರೀಖು ಹಾಕಿ."

ತಾರೀಖು. ಅರ್ಜಿ. ಹಾಜರು. ವಕೀಲ. ಹಿಸಾಬು.
ಕಚೇರಿ ಕಟ್ಟೆಯಲ್ಲಿ ಉಜ್ಜಿ ಉಜ್ಜಿ ಸವೆದ ಪದಗಳು.
ಅವುಗಳಲ್ಲಿ ಕೆಲವು ಆ ಪುಟಗಳಲ್ಲಿ ಎದುರಾದವು,
ಇಸ್ತ್ರಿ ಅಂಗಿ ತೊಟ್ಟ ನೆರೆಯವರಂತೆ.
ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು.

ಸಿಹಿನೀರು ಉಪ್ಪುನೀರು ಕೂಡುವ ಮಾತು ಬಂದ ದಿನ
ಪುಸ್ತಕ ಮುಚ್ಚಿಟ್ಟು ದಕ್ಕೆಗೆ ನಡೆದೆ.
ಶರಾವತಿ ಎಲ್ಲಿ ಮುಗಿಯುತ್ತಾಳೆ ಎಂದು ದೋಣಿಯ ಜಟ್ಟಿಯನ್ನು ಕೇಳಿದರೆ
"ಆಷಾಢದಲ್ಲಿ ಕೇಳಿದ್ರೆ ಒಂದು, ಚೈತ್ರದಲ್ಲಿ ಇನ್ನೊಂದು" ಎಂದ,
ಬಲೆಯಿಂದ ಏಡಿ ಬಿಡಿಸುತ್ತ.
ಗೆರೆ ಇದೆ.
ಅದರ ಚೆಕ್ಕುಬಂದಿ ಬರೆಯಲು ನನಗೆ ಬಾರದು.

ನಿನ್ನೆ ಕಾಸರಕೋಡಿನ ಮಂಕಾಳಿ ಅಂಬಿಗ ಬಂದಿದ್ದಳು,
ತಮ್ಮನಿಂದ ಎರಡು ಗುಂಟೆ ಬಿಡಿಸಿಕೊಳ್ಳುವ ಪತ್ರ.
'ಸದರಿ ಜಾಗದ ಸಂಪೂರ್ಣ ಹಕ್ಕು' ಎಂದು ಬರೆಯುವಾಗ
ಪೆನ್ನು ನಿಂತಿತು.
ಹಕ್ಕು. ಆ ಭಾಷೆಯಲ್ಲಿ ಅದು ಸತ್ಯ ಕೂಡ,
ದೇವರ ಹೆಸರು ಕೂಡ.
ಬಗ್ಗಿ ನೋಡಿದಳು: "ಎಂತಾತ್ರಾ ಸಾಯ್ಬ್ರೆ, ತಪ್ಪಾಯ್ತಾ?"
ಇಲ್ಲಮ್ಮ, ಸರಿ ಇದೆ ಎಂದೆ.
ಸರಿಯಾಗಿಯೇ ಇತ್ತು.